ಇಬ್ಬರೂ ಕೂತು ಆರಿಸಿದ ಕಂಪ್ಯೂಟರ್

ಹೋದ ವಾರ ನಮ್ಮ ಯಜಮಾನರು ಹೊಸ ಮಿಕ್ಸಿ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟರು. ಯಾವುದು ಬೇಕೆಂದು ನನ್ನನ್ನು ಕೇಳಿರಲಿಲ್ಲ; ಕೇಳುವ ರೂಢಿ ನಮ್ಮಲ್ಲಿಲ್ಲ. ಡಬ್ಬದ ಟೇಪು ಕತ್ತರಿಸಿ ಥರ್ಮೋಕೋಲ್ ಎಳೆದಾಗ ಹೊಸ ಪ್ಲಾಸ್ಟಿಕ್ಕಿನ, ಒಣ ರಟ್ಟಿನ ವಾಸನೆ ಮೂಗಿಗೆ ಬಡಿಯಿತು. ಅದರ ಜೊತೆಗೇ ಮಹಡಿ ಮನೆಯಾಕೆಯೂ ನೆನಪಿಗೆ ಬಂದಳು...

ಚನ್ನಗಿರಿಯ ನಮ್ಮ ಮನೆಯ ಮಹಡಿಗೆ ಅವಳೂ ಅವಳ ಗಂಡನೂ ಬಾಡಿಗೆಗೆ ಬಂದಾಗ ಅವರ ಮದುವೆಯಾಗಿ ವರ್ಷ ತುಂಬಿರಲಿಲ್ಲ. ಅವಳು ಜಗಳೂರು ಕಡೆಯವಳು. ಬಸ್ ಸ್ಟ್ಯಾಂಡ್ ಹತ್ತಿರದ ಫೋಟೊ ಸ್ಟುಡಿಯೋದಲ್ಲಿ ಮದುವೆ ಆಲ್ಬಂ ಮಾಡುವ ಕೆಲಸ. ಗಂಡ ತ್ಯಾವಣಿಗೆಯ ದನದ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ. ನಾನು ಮೆಟ್ಟಿಲ ಪಕ್ಕದ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಿದ್ದೆ. ಈಗಲೂ ಹೊಲಿಯುತ್ತೇನೆ.

ಸಂಜೆಯಾದರೆ ಗಂಡ ಹೆಂಡತಿ ಹೊರಗಿನ ಮೆಟ್ಟಿಲ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತು ಒಂದೇ ಮೊಬೈಲಿನಲ್ಲಿ ಏನೋ ನೋಡುತ್ತಿದ್ದರು. ಸೀರೆಯೋ ಸೋಫಾನೋ ಇರಬೇಕು ಅಂದುಕೊಂಡಿದ್ದೆ. ಒಂದು ದಿನ ತಡೆಯಲಾರದೆ ಕೇಳಿಯೇ ಬಿಟ್ಟೆ.

"ಕಂಪ್ಯೂಟರ್ ಅಕ್ಕ, ಗೇಮ್ ಆಡಾಕೆ," ಎಂದಳು. "ರೆಡಿಮೇಡ್ ಅಲ್ಲ. ಒಂದೊಂದೇ ಸಾಮಾನು ಆರಿಸಿ ತರಿಸಿ ನಾವೇ ಜೋಡಿಸೋದು."

ಅದು ಅವಳದೇ ಆಸೆಯಂತೆ. ಚಿಕ್ಕಂದಿನಲ್ಲಿ ಅಣ್ಣಂದಿರು ಗೇಮ್ ಆಡುವಾಗ ಅವರ ಬೆನ್ನ ಹಿಂದೆ ನಿಂತು ನೋಡಿದ್ದಷ್ಟೇ ಅವಳ ಪಾಲಿಗೆ ಬಂದದ್ದು. ಕುರ್ಚಿ ಒಮ್ಮೆಯೂ ಸಿಕ್ಕಿರಲಿಲ್ಲ. ಮದುವೆಯ ಹೊಸದರಲ್ಲಿ ನಿನಗೇನು ಬೇಕು ಎಂದು ಗಂಡ ಕೇಳಿದಾಗ ಹೆದರುತ್ತಲೇ ಇದನ್ನು ಹೇಳಿದ್ದಳಂತೆ. ಅವನು ನಗಲಿಲ್ಲವಂತೆ.

ಅಂದಿನಿಂದ ನಾನು ಕಿವಿಗೊಟ್ಟು ಕೂರತೊಡಗಿದೆ. "ರೀ, ಈ ಬೋರ್ಡಿಗೆ ಆ ಪ್ರೊಸೆಸರ್ ಕೂರಲ್ಲ," ಎನ್ನುವಳು. "ಹಂಗಾದ್ರೆ ಬೇರೆ ನೋಡಾನ. ನಿಂಗೆ ಯಾವ್ದು ಸರಿ ಅನಿಸ್ತೈತೆ?" ಎನ್ನುವನು. ದೊಡ್ಡ ಕಾರ್ಡ್ ತಂದರೆ ಕರೆಂಟು ಹಂಚುವ ಡಬ್ಬವೂ ದೊಡ್ಡದೇ ಬೇಕು, ಶಾಖ ಹೊರಹೋಗಲು ಫ್ಯಾನು ಬೇಕು... ನನಗೆ ಅರ್ಥವಾಗುತ್ತಿದ್ದದ್ದು ಅರ್ಧ. ಆದರೆ ಆ 'ನಿಂಗೆ ಯಾವ್ದು ಸರಿ ಅನಿಸ್ತೈತೆ' ಮಾತ್ರ ಸೂಜಿಯ ಹಾಗೆ ಚುಚ್ಚುತ್ತಿತ್ತು. ನಮ್ಮ ಮನೆಯ ಫ್ರಿಜ್ಜು, ಮಂಚ, ಕೊನೆಗೆ ಕಿಟಕಿಯ ಪರದೆ ಕೂಡ ಬಾಗಿಲಿಗೆ ಬಂದ ಮೇಲೆಯೇ ನಾನು ನೋಡಿದ್ದು. ಯಜಮಾನರು ಕೆಟ್ಟವರಲ್ಲ, ಯಾವುದಕ್ಕೂ ಕಡಿಮೆ ಮಾಡಿದವರಲ್ಲ. ಆದರೂ ಆ ಮೆಟ್ಟಿಲ ಮೇಲಿನ ಮಾತು ಕೇಳಿದ ದಿನ ನನಗೆ ದಾರದ ಬಣ್ಣ ತಪ್ಪುತ್ತಿತ್ತು, ಊಟ ಸೇರುತ್ತಿರಲಿಲ್ಲ. ಹೊಟ್ಟೆಕಿಚ್ಚು ಅನ್ನುತ್ತಾರಲ್ಲ, ಅದು ನಿಜವಾಗಿಯೂ ಹೊಟ್ಟೆಯಲ್ಲೇ ಉರಿಯುತ್ತದೆ.

ಒಮ್ಮೆ ಅವರಿಬ್ಬರಿಗೂ ಹೊಂದಲಿಲ್ಲ. ಒಂದು ಕಡೆ ಗಾಜು ಇರುವ, ಬಣ್ಣದ ಲೈಟು ಮಿನುಗುವ ಕ್ಯಾಬಿನೆಟ್, ಅಂದರೆ ಸಾಮಾನೆಲ್ಲ ಒಳಗೆ ಕೂರುವ ಡಬ್ಬ, ಅವನಿಗೆ ಬೇಕು. ಅವಳಿಗೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು. ಆಟದ ಚಿತ್ರ ತೆರೆಯ ಮೇಲೆ ಮೂಡಿಸುವುದು ಅದೇ ಅಂತೆ. ಎರಡಕ್ಕೂ ಅವರ ಕೈಲಿದ್ದ ದುಡ್ಡು ಸಾಲದು. ಅವಳು ಸೀದಾ ನನ್ನ ಕೋಣೆಗೆ ಇಳಿದು ಬಂದಳು. ಅವನು ಬಾಗಿಲಲ್ಲಿ ನಿಂತ.

"ಅಕ್ಕ, ನೀವೇ ಹೇಳ್ರಿ. ಚೆಂದ ಇರೋ ಡಬ್ಬ ತರಾನೋ, ಒಳ್ಳೆ ಕಾರ್ಡ್ ತರಾನೋ?"

"ನಂಗೇನು ಗೊತ್ತಮ್ಮ," ಎಂದೆ. ಅವಳು ಬಿಡಲಿಲ್ಲ. ಕೊನೆಗೆ, "ಬ್ಲೌಸಿಗೆ ಲೇಸ್ ಆಮೇಲೆ ಹಚ್ಚಬಹುದು. ಲೈನಿಂಗ್ ಆಮೇಲೆ ಹಾಕಾಕೆ ಆಗಲ್ಲ," ಎಂದೆ.

ಅವನು ಜೋರಾಗಿ ನಕ್ಕು, "ಆಯ್ತು ಬಿಡ್ರಕ್ಕ, ಕಾರ್ಡೇ ತರಿಸ್ತೀವಿ," ಎಂದ. ಅವರು ಮೇಲೆ ಹೋದ ಮೇಲೆ ಬಹಳ ಹೊತ್ತು ನಾನು ಮಿಷನ್ ತುಳಿಯಲಿಲ್ಲ. ನನ್ನ ಮಾತು ನಡೆಯುವ ಮನೆಯೂ ಒಂದಿತ್ತು. ಅದು ಅವಳದಾಗಿತ್ತು.

ಸಾಮಾನೆಲ್ಲ ಬಂದ ಮೇಲೆ ಒಂದು ಭಾನುವಾರ ನಮ್ಮಿಬ್ಬರನ್ನೂ ಮೇಲಕ್ಕೆ ಕರೆದರು. ನೆಲದ ಮೇಲೆ ಬೆಡ್‌ಶೀಟ್ ಹಾಸಿ ಡಬ್ಬಗಳನ್ನೆಲ್ಲ ಬಿಚ್ಚಿದ್ದರು. ಕೋಣೆಯ ತುಂಬ ಹೊಸ ವಾಸನೆ. ಅವಳು ಉಸಿರು ಬಿಗಿಹಿಡಿದು ಪ್ರೊಸೆಸರ್ ಕೂರಿಸಿದಳು, ಅವನು ಸ್ಕ್ರೂ ಒಂದೊಂದೇ ಎತ್ತಿ ಕೊಟ್ಟ. ಕೊನೆಗೆ ಸ್ವಿಚ್ ಒತ್ತಿದಳು. ಫ್ಯಾನು ತಿರುಗಿತು. ಪರದೆ ಮಾತ್ರ ಕಪ್ಪಗೇ ಇತ್ತು.

ಸ್ವಿಚ್ ಆಫ್ ಮಾಡಿ ಮತ್ತೆ ಹಾಕಿದರು. ಅದೇ ಕಪ್ಪು. ಅವಳ ಮುಖ ಬಿಳುಚಿತು. "ಅಂಗಡಿಯವ್ರ ಹತ್ರಾನೇ ಮಾಡಿಸ್ಬೇಕಿತ್ತು," ಎಂದರು ನಮ್ಮ ಯಜಮಾನರು. ಅವಳ ಗಂಡನ ಬೈಗುಳಕ್ಕೆ ನಾನು ಕಾದೆ. ನಮ್ಮಲ್ಲಾಗಿದ್ದರೆ ಈ ಹೊತ್ತಿಗೆ ಬಂದಿರುತ್ತಿತ್ತು, ಅದು ನನಗೆ ಗೊತ್ತಿತ್ತು. ಬರಲಿ ಎಂದು ಮನಸ್ಸು ಬಯಸುತ್ತಲೂ ಇತ್ತು.

ಅವನು ಅವಳ ಮುಖ ನೋಡಿದ. "ಫ್ಯಾನಂತೂ ತಿರುಗ್ತೈತಲ್ಲ ಮಾರಾಯ್ತಿ, ಬೇಸಿಗೆ ಕಳೀತು ಬಿಡು," ಎಂದ. ಅವಳಿಗೆ ನಗು ತಡೆಯಲಾಗಲಿಲ್ಲ. ಇಬ್ಬರೂ ಬೆಡ್‌ಶೀಟ್ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಒಲೆಯ ಮೇಲೆ ಹಾಲಿದೆ ಎಂದು ಸುಳ್ಳು ಹೇಳಿ ನಾನು ಕೆಳಗೆ ಬಂದುಬಿಟ್ಟೆ. ಆ ಕಂಪ್ಯೂಟರ್ ಮೊದಲ ಸಲಕ್ಕೇ ಹೊತ್ತಿಕೊಂಡಿದ್ದರೂ ನನಗೆ ಅಷ್ಟು ಉರಿಯುತ್ತಿರಲಿಲ್ಲ.

ಸಂಜೆ ಅವಳು ದಡದಡ ಇಳಿದು ಬಂದು ನನ್ನ ಕೈ ಹಿಡಿದುಕೊಂಡಳು. "ಅಕ್ಕ, ಬಂತು! ಪರದೆ ವೈರ್ ಕಾರ್ಡಿಗೆ ಸಿಕ್ಕಿಸೋದು ಬಿಟ್ಟು ಬೋರ್ಡಿಗೆ ಸಿಕ್ಕಿಸಿದ್ವಿ!" ಅವಳ ಅಂಗೈ ಬೆವರಿತ್ತು. ಆ ದಿನದಿಂದ ಮಹಡಿಯಲ್ಲಿ ಎರಡು ಕುರ್ಚಿ ಎಳೆದಾಡುವ ಸದ್ದು, "ಈಗ ನನ್ ಸರದಿ" ಎಂಬ ಜಗಳ, ನಗು... ನನ್ನನ್ನೂ ಆಡಲು ಕರೆಯುತ್ತಿದ್ದಳು. ಹೊಲಿಗೆ ಇದೆ ಎನ್ನುತ್ತಿದ್ದೆ.

ಮುಂದೆ ಅವನಿಗೆ ಹೊನ್ನಾಳಿಗೆ ವರ್ಗವಾಯಿತು. ಲಗೇಜ್ ಆಟೋದಲ್ಲಿ ಪಾತ್ರೆ ಪಗಡೆ ತುಂಬಿ, ಕಂಪ್ಯೂಟರನ್ನು ಮಾತ್ರ ಅವಳು ತೊಡೆಯ ಮೇಲಿಟ್ಟುಕೊಂಡು ಹೋದಳು. ಮಹಡಿ ಖಾಲಿಯಾದಾಗ ನನಗೆ ಹಗುರಾಗಬೇಕಿತ್ತು... ಆಗಲಿಲ್ಲ.

ಈ ಬೇಸಿಗೆಯಲ್ಲಿ ಮದುವೆಯೊಂದಕ್ಕೆ ಊರಿಗೆ ಬಂದ ಅವಳ ಗಂಡ ನಮ್ಮ ಮನೆಗೂ ಬಂದಿದ್ದ. ಒಬ್ಬನೇ. ಅವಳೆಲ್ಲಿ ಎಂದು ನಾನು ಅವನ ಹಿಂದೆ ಬಾಗಿಲ ಕಡೆ ನೋಡಿದೆ.

"ಅವಳಿಲ್ಲಕ್ಕ," ಎಂದ. "ಜ್ವರ ಅಂತ ಮಲಗಿದ್ಲು. ಏಳಲೇ ಇಲ್ಲ."

ಚಹಾ ತಂದುಕೊಟ್ಟೆ. ಏನಾದರೂ ಮಾತಾಡಬೇಕಲ್ಲ ಎಂದು ಕಂಪ್ಯೂಟರ್ ಏನಾಯಿತೆಂದು ಕೇಳಿದೆ.

"ಐತೆ. ಕಾರ್ಡ್ ಹಳೇದಾಯ್ತು, ಬೇರೆ ಹಾಕ್ರಿ ಅಂತಾರೆ ಎಲ್ರೂ. ಮೊಬೈಲ್ ಹಿಡ್ಕಂಡು ಕೂರ್ತೀನಿ... ಒಬ್ನೇ ಆರಿಸಾಕೆ ಆಗ್ತಿಲ್ಲಕ್ಕ."

ನಾನು ಒಳಗೆ ಹೋಗಿ ಅತ್ತೆ. ನಿಜ ಹೇಳಬೇಕೆಂದರೆ, ಆ ಅಳುವಿನಲ್ಲೂ ಅವಳ ಮೇಲೆ ಅಸೂಯೆ ಇತ್ತು. ನಾನಿಲ್ಲದಿದ್ದರೆ ಯಾವುದನ್ನಾದರೂ ಆರಿಸಲಾಗದೆ ಯಾರಾದರೂ ಹೀಗೆ ಸುಮ್ಮನೆ ಕೂತಾರೆಯೇ...

ಮಹಡಿಗೆ ಈಗ ಬೇರೆಯವರು ಬಂದಿದ್ದಾರೆ. ಒಳ್ಳೆಯ ಜನ, ಬೇಗ ಬಾಗಿಲು ಹಾಕಿಕೊಳ್ಳುತ್ತಾರೆ. ಸಂಜೆ ಮೆಟ್ಟಿಲು ಖಾಲಿ ಇರುತ್ತದೆ, ನನ್ನ ಹೊಲಿಗೆ ತಪ್ಪದೆ ಸಾಗುತ್ತದೆ. ಹೊಟ್ಟೆ ಉರಿಸಲಾದರೂ ಅವಳು ಇರಬೇಕಿತ್ತು.