ತುಂಬಿದ್ದ ಸಿರಿಂಜು

ಒಬ್ಬನ ದ್ವೇಷಕ್ಕೆ ಇನ್ನೊಬ್ಬನ ಎದೆ ನಿಲ್ಲುತ್ತದೆ ಎಂದು ಯಾರಾದರೂ ಹೇಳಿದ್ದರೆ ನಾನು ನಗುತ್ತಿದ್ದೆ. ಔಷಧಶಾಸ್ತ್ರ ಓದಿದವನು ನಾನು. ಈಗಲೂ ನಂಬುವುದಿಲ್ಲ. ಆದರೆ ನಗು ಬರುವುದಿಲ್ಲ.

ಕೆಲವು ವರ್ಷಗಳ ಹಿಂದೆ ಅರಸೀಕೆರೆಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ವೈದ್ಯನಾಗಿದ್ದೆ. ಒಂದು ಮಧ್ಯಾಹ್ನ ಗಂಡಸಿ ಕಡೆಯ ಕೊಬ್ಬರಿ ವ್ಯಾಪಾರಿ ರುದ್ರಪ್ಪನವರನ್ನು ಕರೆತಂದರು. ಎದೆ ನಿಮಿಷಕ್ಕೆ ನೂರ ತೊಂಬತ್ತು ಸಲ ಬಡಿಯುತ್ತಿತ್ತು. ಅವರಿಗೆ ನನ್ನ ಗುರುತು ಸಿಗಲಿಲ್ಲ. ನಾನು ಮರೆತಿರಲಿಲ್ಲ. ಹೊಲದ ಬದುವಿನ ತಕರಾರಿನಲ್ಲಿ ನಮ್ಮಪ್ಪ ಅವರ ವಿರುದ್ಧ ಸಾಕ್ಷಿ ಹೇಳಿದ್ದರು. ಆ ಸಿಟ್ಟಿಗೆ ಇವರು, ಮಠದ ಪಂಕ್ತಿಯಲ್ಲಿ ಎಲೆಗೆ ಅನ್ನ ಬಿದ್ದ ಮೇಲೆ, ಎಲ್ಲರೆದುರು "ಎದ್ದೇಳಯ್ಯ" ಎಂದು ಅಪ್ಪನನ್ನು ಎಬ್ಬಿಸಿದ್ದರು. ಅಪ್ಪ ಆಮೇಲೆ ಯಾವ ಪಂಕ್ತಿಯಲ್ಲೂ ಕೂರಲಿಲ್ಲ. ಆ ವರ್ಷವೇ ಎದೆನೋವಿನಿಂದ ಹೋದರು.

ಇಂಥ ಬಡಿತಕ್ಕೆ ಅಡೆನೊಸಿನ್ ಕೊಡುತ್ತೇವೆ. ನಮ್ಮ ದೇಹವೇ ತಯಾರಿಸುವ ವಸ್ತು ಅದು. ಹೃದಯದ ರಕ್ತನಾಳಗಳಲ್ಲಿ ಅದು ಬಂದು ಕೂರುವ ರಿಸೆಪ್ಟರುಗಳು ನಾಳವನ್ನು ಹಿಗ್ಗಿಸಿ ರಕ್ತ ಹರಿಸುತ್ತವೆ. ಮೇಲಿನ ಕೋಣೆಯಿಂದ ಕೆಳಕ್ಕೆ ಬಡಿತದ ಸಂಕೇತ ದಾಟುವ ಜಾಗದಲ್ಲಿರುವವು ದಾರಿಯನ್ನೇ ಕ್ಷಣಕಾಲ ಮುಚ್ಚುತ್ತವೆ. ಕೆಲವು ಸೆಕೆಂಡು ಎದೆ ನಿಂತು, ಸರಿಯಾಗಿ ಹೊರಡುತ್ತದೆ. ಕಾಫಿ ಕುಡಿದಿದ್ದರೆ ಆ ರಿಸೆಪ್ಟರುಗಳಲ್ಲಿ ಕೆಫೀನ್ ಮೊದಲೇ ಕೂತಿರುತ್ತದೆ, ಔಷಧಕ್ಕೆ ಜಾಗವಿರುವುದಿಲ್ಲ. ಅದಕ್ಕೇ ಏನು ತಗೊಂಡಿದ್ದೀರಿ ಎಂದು ಕೇಳಿದ್ದೆ.

"ಸೋಮವಾರ ಡಾಕ್ಟ್ರೇ, ಬೆಳಿಗ್ಗೆಯಿಂದ ಉಪಾಸ."

ಮೊದಲ ಡೋಸಿಗೆ ಏನೂ ಆಗಲಿಲ್ಲ. ಮತ್ತೆ ಕೇಳಿದೆ.

"ಕಾಫಿ ಕುಡ್ದಿದೀನಿ, ನಾಕು ಲೋಟ. ಅದೂ ಒಂದು ಊಟವೇನ್ರಿ?"

ನಮ್ಮ ಕಡೆ ಉಪವಾಸಕ್ಕೆ ಕಾಫಿ ಲೆಕ್ಕಕ್ಕಿಲ್ಲ. ಎರಡರಷ್ಟು ಡೋಸ್ ತುಂಬಿ, ಕೈಗೆ ಹಾಕಿದ್ದ ನಳಿಕೆಗೆ ಸಿರಿಂಜು ಜೋಡಿಸಿದೆ. ಸುಳ್ಳು ಹೇಳಲಾರೆ, ಆಗ ನಾನು ವೈದ್ಯನಾಗಿರಲಿಲ್ಲ. ಈ ಎದೆ ನಿಲ್ಲಲಿ, ಮತ್ತೆ ಹೊರಡದಿರಲಿ ಎಂದು ಬಯಸಿದೆ. ಅಪ್ಪನ ಎಲೆ ಕಣ್ಣ ಮುಂದಿತ್ತು. ತುಟಿ ಅಲುಗಿಸದೆ, ಮನಸ್ಸಿನಲ್ಲೇ "ಎದ್ದೇಳಯ್ಯ" ಎಂದೆ.

ಮಾನಿಟರಿನ ಗೆರೆ ಸಪಾಟಾಯಿತು. ನಾನಿನ್ನೂ ಔಷಧ ಒತ್ತಿರಲಿಲ್ಲ.

ಹತ್ತರವರೆಗೆ ಎಣಿಸಿದೆ. ಅವರ ಎದೆ ಒತ್ತಲು ನನ್ನ ಕೈ ಏಳಲಿಲ್ಲ. ನರ್ಸ್ ಗಿರಿಜಮ್ಮ ನನ್ನನ್ನು ತಳ್ಳಿಕೊಂಡು ಮುಂದೆ ಬರುವಷ್ಟರಲ್ಲಿ ಬಡಿತ ತಾನಾಗಿ ಮರಳಿತು, ಎಪ್ಪತ್ತೆರಡಕ್ಕೆ. ರುದ್ರಪ್ಪ ಕಣ್ಣು ಬಿಟ್ಟು ನನ್ನನ್ನೇ ನೋಡಿದರು.

"ಅನ್ನ ಬಿದ್ಮೇಲೆ ಯಾಕಯ್ಯ ಎಬ್ಬಿಸ್ದೆ?"

ಅಂಥ ಬಡಿತ ತಾನಾಗಿಯೇ ನಿಲ್ಲುವುದುಂಟು. ಮಿದುಳಿಗೆ ರಕ್ತ ಕಡಿಮೆಯಾದಾಗ ಹಳೆಯ ನೆನಪು ಎದ್ದಿರಲೂಬಹುದು. ಆದರೆ ಆ ನೆನಪು ಅವರದಲ್ಲ, ಅಪ್ಪನದು. ಔಷಧ ಕೊಟ್ಟು ನಾನೇ ಮರೆತೆನೆ? "ಸಿರಿಂಜು ತುಂಬೇ ಇತ್ತು, ಆಮೇಲೆ ನಾನೇ ಚೆಲ್ಲಿದೆ" ಎನ್ನುತ್ತಾರೆ ಗಿರಿಜಮ್ಮ. ಇಸಿಜಿ ಕಾಗದ ತೆಗೆದಿಟ್ಟಿದ್ದೆ. ಶಾಖಕ್ಕೆ ಗೆರೆ ಮೂಡುವ ಆ ಬಗೆಯ ಕಾಗದದ ಮೇಲೆ ಅದು ಬಹಳ ವರ್ಷ ಉಳಿಯುವುದಿಲ್ಲ. ಮೊನ್ನೆ ಬಿಡಿಸಿ ನೋಡಿದರೆ ಬರೀ ಬಿಳಿ.

ಅದಾಗಿ ಆರು ತಿಂಗಳ ಮೇಲೆ ರುದ್ರಪ್ಪ ಮತ್ತೆ ಬಂದಿದ್ದರು. ಮನೆಯಲ್ಲಿ ತಟ್ಟೆಯಲ್ಲಾದರೆ ಉಣ್ಣುತ್ತಾರಂತೆ. ಪಂಕ್ತಿಯಲ್ಲಿ ಕೂತು ಎಲೆಗೆ ಅನ್ನ ಬಿದ್ದರೆ ಸಾಕು, ಎದೆ ಓಡತೊಡಗುತ್ತದಂತೆ. ಎಲ್ಲರೆದುರು ಎದ್ದು ಹೋಗಬೇಕಂತೆ. ಇದಕ್ಕೇನು ಮದ್ದು ಎಂದರು. ಕಾಫಿ ಬಿಡಿ ಎಂದು ಮಾತ್ರೆ ಬರೆದುಕೊಟ್ಟೆ. ಯಾರ ಮಗ ಎಂದು ಹೇಳಲಿಲ್ಲ.

ಆ ದಿನ ಮನೆಗೆ ಹೋಗಿ ಎಲೆ ಹಾಕಿಸಿಕೊಂಡು ಹೊಟ್ಟೆ ತುಂಬ ಉಂಡೆ.