ಕಬ್ಬಿಣದಜ್ಜಿಗೆ ಮುಖ ಬರೆಯುವ ಸೊಸೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಡುಗೆಮನೆಯ ಮೇಜಿನ ಒಂದು ಬದಿಗೆ ಹಳೆಯ ಪತ್ರಿಕೆ ಹಾಸಿದೆ, ಇನ್ನೊಂದು ಬದಿಯಲ್ಲಿ ತೊಳೆದು ಬೋರಲು ಹಾಕಿದ ತಟ್ಟೆಗಳು. ಪತ್ರಿಕೆಯ ಮೇಲೊಂದು ದಪ್ಪ ಕಾಗದ. ಅದರಲ್ಲಿ ಕೊಡೆ ಹಿಡಿದು ನೆಗೆದಿರುವ ಮುದುಕಿ. ಮೇಜಿನ ಮುಂದೆ ಕೂತಾಕೆ ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಂಡು, ಉಸಿರು ಬಿಗಿಹಿಡಿದು, ಮುದುಕಿಯ ಕನ್ನಡಕದ ಗಾಜಿಗೆ ಒಂದೇ ಒಂದು ಬಿಳಿ ಚುಕ್ಕೆ ಇಡುತ್ತಾರೆ. ಮುದುಕಿಗೆ ಜೀವ ಬರುತ್ತದೆ.

ಅಷ್ಟರಲ್ಲಿ ಹಾಲು ಉಕ್ಕುತ್ತದೆ. ಎದ್ದು ಒಲೆ ಸಣ್ಣ ಮಾಡಿ, ಚಿತ್ರವನ್ನು ಕಪಾಟಿಗೆ ಒರಗಿಸಿ, ಬಾಗಿಲವರೆಗೆ ಹಿಂದೆ ಹಿಂದೆ ನಡೆದು, ಕಣ್ಣು ಅರೆಮುಚ್ಚಿ ನೋಡುತ್ತಾರೆ. "ಹೀಗೆ ನೋಡಿದ್ರೂ ಯಾರು ಯಾರನ್ನ ಅಟ್ಟಿಸ್ಕೊಂಡು ಹೋಗ್ತಿದಾರೆ ಅಂತ ಗೊತ್ತಾಗ್ಬೇಕು. ಬಸ್ಸಲ್ಲಿ ಕೂತ ಮಗು ಅಂಗಡಿ ಕಡೆ ಕೈ ತೋರಿಸಿ ಹಟ ಮಾಡ್ಬೇಕು. ಇಲ್ದಿದ್ರೆ ಅದು ಬರೀ ಚಿತ್ರ, ಮುಖಪುಟ ಅಲ್ಲ."

ಕಬ್ಬಿಣದಜ್ಜಿ ತಿಂಗಳಿಗೊಮ್ಮೆ ಬರುವ ಕಾಮಿಕ್ಸ್ ಪುಸ್ತಕವೊಂದರ ನಾಯಕಿ. ಕಳ್ಳರನ್ನು ಕೊಡೆಯ ಹಿಡಿಯಿಂದ ಎಳೆದು ಕೆಡಹುತ್ತಾಳೆ, ಮೊಮ್ಮಕ್ಕಳಿಗೆ ಮಾತ್ರ ಹೆದರುತ್ತಾಳೆ. ಒಳಪುಟಗಳನ್ನು ಕಚೇರಿಯ ಕಲಾವಿದರು ಬರೆಯುತ್ತಾರೆ. ಮುಖಪುಟ, ಮೊಳೆ ಬಡಿದು ಕೂಡಿಸಿದಂತೆ ಕಾಣುವ ಹೆಸರಿನ ಅಕ್ಷರಗಳು, ಅಂಗಡಿಯ ಮುಂದೆ ತೂಗುವ ಬಣ್ಣದ ಪಟ, ಪುಸ್ತಕದ ಜೊತೆ ಸಿಗುವ ಸ್ಟಿಕ್ಕರ್ ಎಲ್ಲವೂ ಹೊರಡುವುದು ಈ ಅಡುಗೆಮನೆಯಿಂದ. ಕಥೆ ಮುಗಿಯುವ ಮೊದಲೇ ಮುಖಪುಟ ಬೇಕು. ಹಾಗಾಗಿ ಕಚೇರಿಯವರು ಫೋನಿನಲ್ಲಿ ನಾಲ್ಕು ಮಾತು ಹೇಳಿ ಇಟ್ಟುಬಿಡುತ್ತಾರೆ.

"ಒಂದ್ಸಲ 'ಅಜ್ಜಿ, ಹಡಗು, ಆನೆ' ಅಂದ್ರು. ಆನೇನ ಹಡಗಲ್ಲಿ ಕೂರಿಸಿ ಕಳಿಸ್ದೆ. ಆಮೇಲೆ ನೋಡಿದ್ರೆ ಆನೆ ಅನ್ನೋದು ಕಳ್ಳನ ಅಡ್ಡಹೆಸರು! ಮುಖಪುಟ ಆಗ್ಲೇ ಅಚ್ಚಾಗಿತ್ತು. ಪಾಪ, ಕಥೆ ಬರೆಯೋರು ಎಲ್ಲಿಂದಲೋ ಒಂದಾನೆ ತಂದು ಕಥೆಗೆ ತುರುಕಿದ್ರು."

ಅಜ್ಜಿಯನ್ನು ಹುಟ್ಟಿಸಿದವರು ಈಕೆಯ ಮಾವ. ಮದುವೆಯಾಗಿ ಬಂದ ಹೊಸದರಲ್ಲಿ ಮಾವನ ಕುಂಚ ತೊಳೆಯುವ ಕೆಲಸ ಸೊಸೆಯ ಪಾಲಿಗೆ ಬಂತು. ತೊಳೆಯುತ್ತ ತೊಳೆಯುತ್ತ ಬಣ್ಣ ಬೆರೆಸುವುದು ಬಂತು. ಆಮೇಲೆ ಅಕ್ಷರಗಳ ಹೊಟ್ಟೆಗೆ ಬಣ್ಣ ತುಂಬುವುದು. "ಸಾರಿಗೆ ಉಪ್ಪು ಮರೆತ್ರೂ ಸುಮ್ನೆ ಉಣ್ಣೋರು. ಗೆರೆ ಆಚೆ ಬಣ್ಣ ಹೋಯ್ತೋ, ಎರಡು ದಿನ ಮಾತು ಬಿಡೋರು."

ಒಂಬತ್ತು ವರ್ಷಗಳ ಹಿಂದೆ ಒಂದು ಮಧ್ಯಾಹ್ನ, ಮುಖಪುಟ ಅರ್ಧ ಆಗಿದ್ದಾಗ ಮಾವನ ಕೈಯಿಂದ ಕುಂಚ ಜಾರಿತು. ಪಾರ್ಶ್ವವಾಯು. ಬಲಗೈ ಹೋಯಿತು, ಮಾತೂ ಹೋಯಿತು. ಲಾರಿ ಓಡಿಸುವ ಗಂಡ ಆಗ ದೂರದ ದಾರಿಯಲ್ಲಿದ್ದರು. ಇತ್ತ ಅಚ್ಚಿನ ಮನೆಯವರು ಕಾಯುತ್ತಿದ್ದರು. ಸೊಸೆ ಆಸ್ಪತ್ರೆಯಿಂದ ಬಂದು, ಕೈ ತೊಳೆದು, ಉಳಿದರ್ಧ ಮುಗಿಸಿದರು. ಮೂಲೆಯಲ್ಲಿ ಮಾವ ಹಾಕುತ್ತಿದ್ದ ಪುಟ್ಟ ಮೀನಿನಂಥ ಸಹಿಯನ್ನೂ ಹಾಕಿದರು. ಯಾರಿಗೂ ತಿಳಿಯಲಿಲ್ಲ. ಮುಂದಿನ ತಿಂಗಳೂ ಅಷ್ಟೆ. ಮಾವ ಮನೆಗೆ ಬಂದಾಗ ಹೊರಕೋಣೆಯಲ್ಲಿ ಬರೆಯುವ ಮೇಜಿದ್ದ ಜಾಗಕ್ಕೆ ಮಂಚ ಬಂತು, ಬಣ್ಣದ ಡಬ್ಬಿಗಳು ಅಡುಗೆಮನೆ ಸೇರಿದವು.

"ಹೇಳೋಣ ಹೇಳೋಣ ಅನ್ನೋದ್ರಲ್ಲೇ ಕಾಲ ಹೋಯ್ತು. ಅಜ್ಜಿ ಬೇರೆಯವರ ಕೈಗೆ ಹೋದ್ರೆ ಮಾವ ಉಳಿಯೋದಿಲ್ಲ ಅನ್ನೋ ಭಯ. ಇಡೀ ಅಜ್ಜೀನ ಬಾಗಿಲು ತೆರೆದಿಟ್ಟೇ ಬರೀತಿದ್ದೆ, ಆ ಸಹಿ ಹಾಕೋವಾಗ ಮಾತ್ರ ಎದ್ದು ಬಾಗಿಲು ಹಾಕ್ಕೊಂಡು ಬರ್ತಿದ್ದೆ."

ಮಾವನ ಗಂಟಲಿನಿಂದ ಹೊರಡುವ ಮುರುಕು ಸದ್ದುಗಳನ್ನು ಮಾತಾಗಿ ಕೇಳಬಲ್ಲವರು ಈ ಮನೆಯಲ್ಲಿ ಸೊಸೆಯೊಬ್ಬರೇ. ಬಂದವರಿಗೆಲ್ಲ ಮಾವನ ಬಾಯಿ ಈಕೆಯೇ. ಮಾವನಿಗೆ ಮಾತು ಹೋದದ್ದು ಕಚೇರಿಗೂ ಗೊತ್ತಿತ್ತು; ಚಿತ್ರ ಮಾತ್ರ ಮಾವನೇ ಎಡಗೈಯಲ್ಲಿ ಬರೆಯುತ್ತಾರೆ ಎಂದುಕೊಂಡಿದ್ದರು.

ಈ ವರ್ಷ ಅಜ್ಜಿಗೆ ನಲವತ್ತು ತುಂಬಿತು. ಎಲ್ಲ ಮುಖಪುಟಗಳನ್ನೂ ಸೇರಿಸಿ, ಮೇಲೆ ಕಲಾವಿದರ ಹೆಸರು ಹಾಕಿ ದೊಡ್ಡ ಪುಸ್ತಕ ತರುವುದೆಂದು ಪ್ರಕಾಶಕರು ನಿರ್ಧರಿಸಿದರು. ಹಾಗೆ ಬಂದರೆ ಒಂಬತ್ತು ವರ್ಷದ ಕೆಲಸ ಎಂದೆಂದಿಗೂ ಮಾವನ ಹೆಸರಿಗೆ ಸಂದಂತೆ. ಬಾಯಿಬಿಟ್ಟರೆ, ಹಾಸಿಗೆ ಹಿಡಿದ ಹಿರಿಯರನ್ನು ಪರರ ಮುಂದೆ ತಗ್ಗಿಸಿದಂತೆ; ಜೊತೆಗೆ ಕೆಲಸವೂ ಕೈತಪ್ಪಬಹುದು. ಕಚೇರಿಯ ಹೊಸ ಸಂಪಾದಕಿ ಮನೆಗೆ ಬರುವ ದಿನ, ಔಷಧದ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ರಜೆ ಹಾಕಿ ಕೂತಳು.

"ಅಮ್ಮಾ, ಇವತ್ತು ನೀನು ಹೇಳ್ದಿದ್ರೆ ನಾನೇ ಹೇಳ್ತೀನಿ."

"ನೀನು ಬಾಯಿಗೆ ಬೀಗ ಹಾಕ್ಕೊಂಡು ಬಿಸ್ಕೆಟ್ ತಟ್ಟೆ ತಗೊಂಡ್ಬಾ. ತಾತನ ಮುಂದೆ ಮಾತು ಬೇಡ."

ಸಂಪಾದಕಿ ಹಳೆಯದು ಹೊಸದು ಬೆರೆತಿದ್ದ ಮುಖಪುಟಗಳ ಕಟ್ಟನ್ನು ಮಂಚದ ಮೇಲೆ ಹರಡಿದರು. "ತಾತಾ, ನಿಮಗಿಷ್ಟವಾದದ್ದು ಆರಿಸಿಕೊಡಿ." ಮಾವ ಎಡಗೈಯಿಂದ ಒಂದೊಂದನ್ನೇ ತಳ್ಳಿ ಎರಡು ಗುಂಪು ಮಾಡತೊಡಗಿದರು. ಅವಸರವಿಲ್ಲ, ತಡವರಿಕೆಯಿಲ್ಲ. ಮುಗಿದ ಮೇಲೆ ಒಂದು ಗುಂಪಿನ ಮೇಲೆ ಅಂಗೈಯಿಟ್ಟು ಏನೋ ಅಂದರು. ಬಾಗಿಲ ಬಳಿ ನಿಂತಿದ್ದ ಸೊಸೆಗೆ ಚೆನ್ನಾಗಿಯೇ ಕೇಳಿಸಿತು: ಇವು ಅವಳವು.

"ಏನಂತೆ?" ಎಂದರು ಸಂಪಾದಕಿ.

"ಇವು... ಇವು ಚೆನ್ನಾಗಿವೆ ಅಂತಿದಾರೆ."

ಮಾವ ಮಂಚ ಗುದ್ದಿದರು. ಮತ್ತೆ ಅದೇ ಸದ್ದು, ಈಗ ಇನ್ನೂ ಜೋರಾಗಿ. ತಮ್ಮ ಎಡಕ್ಕಿದ್ದ ಹೊರಕೋಣೆಯ ಕಿಟಕಿ ತೋರಿಸಿ, ಒಂದು ಗುಂಪಿನ ಮೇಲೆ ಬೆರಳಿಟ್ಟರು. ಅಡುಗೆಮನೆಯ ಕಡೆ ತೋರಿಸಿ, ಇನ್ನೊಂದರ ಮೇಲೆ. ಮಾವ ಕೂರುತ್ತಿದ್ದ ಜಾಗಕ್ಕೆ ಬೆಳಕು ಎಡಗಡೆಯಿಂದ. ಅಡುಗೆಮನೆಯ ಮೇಜಿಗೆ ಬಲಗಡೆಯಿಂದ. ಇಬ್ಬರಿಗೂ ನಿಜವಾದ ಕೊಡೆಯನ್ನು ಮುಂದಿಟ್ಟು, ನೆರಳು ಬಿದ್ದ ಹಾಗೆಯೇ ಬರೆಯುವ ಅಭ್ಯಾಸ. ಒಂಬತ್ತು ವರ್ಷದಿಂದ ಅಜ್ಜಿಯ ಮೂಗಿನ ನೆರಳು ಇನ್ನೊಂದು ಕೆನ್ನೆಗೆ ಬೀಳುತ್ತಿರುವುದು ಸೊಸೆಗೇ ಗೊತ್ತಿರಲಿಲ್ಲ. ಮಾವನಿಗೆ ಮೊದಲ ತಿಂಗಳಿನಿಂದಲೂ ಗೊತ್ತಿತ್ತು.

ಮಾವ ಸೊಸೆಯ ಮುಖವನ್ನೇ ನೋಡುತ್ತಿದ್ದರು. ಅವರ ಮಾತನ್ನು ಆಕೆಯೇ ಆಡಬೇಕಿತ್ತು.

"ಇವೆಲ್ಲ... ನಾನು ಬರೆದದ್ದಂತೆ," ಎಂದರು ತಲೆತಗ್ಗಿಸಿ.

"ಮತ್ತೆ ಸಹಿ?"

"ಅದೂ ನಾನೇ."

ಸಂಪಾದಕಿ ಆ ಗುಂಪನ್ನು ಎತ್ತಿಕೊಂಡು ಒಂದೊಂದಾಗಿ ತಿರುವಿದರು. "ಹಾಗಾದ್ರೆ ಇಷ್ಟು ವರ್ಷ ಫೋನಲ್ಲಿ ನಾವು ನಮಸ್ಕಾರ ಹೇಳ್ತಿದ್ದದ್ದು ಯಾರಿಗೆ?"

"ಮಾವಂಗೇ. ನಾನು ತಪ್ಪದೆ ತಲುಪಿಸ್ತಿದ್ದೆ."

ಸಂಪಾದಕಿ ನಕ್ಕುಬಿಟ್ಟರು. ಮಗಳ ಕೈಯಲ್ಲಿದ್ದ ತಟ್ಟೆಯಿಂದ ಬಿಸ್ಕೆಟ್ ತೆಗೆದುಕೊಳ್ಳುತ್ತ, "ಮುಂದಿನ ತಿಂಗಳಿನದು ಯಾವಾಗ ಕೊಡ್ತೀರಾ? ಅದಕ್ಕೆ ನಿಮ್ಮ ಹೆಸರೇ ಬರ್ಕೊಳ್ಳಿ, ಮೀನು ಬೇಡ," ಎಂದರು. ದೊಡ್ಡ ಪುಸ್ತಕ ಈಗ ಎರಡು ಹೆಸರು ಹೊತ್ತು ಅಚ್ಚಿಗೆ ಹೋಗಿದೆ.

ಹೆಸರೇನೋ ಬರೆದಾಯಿತು, ಸುಲಭವಾಗಿ ಅಲ್ಲ. ಅಷ್ಟು ದಪ್ಪ ದಪ್ಪ ಅಕ್ಷರ ಬರೆದು ಪಳಗಿದ ಕೈಗೆ ಆ ಪುಟ್ಟ ಅಕ್ಷರಗಳು ಕೂರಲಿಲ್ಲ. ಅಜ್ಜಿಯ ಬೂಟಿನ ಕೆಳಗೆ, ಪುಸ್ತಕದ ಅಂಚು ಕತ್ತರಿಸುವ ಯಂತ್ರಕ್ಕೆ ಸಿಗದಷ್ಟು ಒಳಗೆ, ಇರುವೆ ಸಾಲಿನ ಹಾಗೆ ಬರೆದಿದ್ದಾರೆ. "ಭೂತಗನ್ನಡಿ ಕೂಡ ಫ್ರೀ ಕೊಡ್ಬೇಕಿತ್ತು ಕಣಮ್ಮಾ," ಎಂದು ಮಗಳು ಚುಡಾಯಿಸುತ್ತಾಳೆ.

ಆ ಸಂಚಿಕೆ ಮೊನ್ನೆ ಮನೆಗೆ ಬಂತು. ಮಾವ ಈಗ ಬಹಳ ಸೋತಿದ್ದಾರೆ, ದಿನದ ಹೆಚ್ಚು ಹೊತ್ತು ನಿದ್ದೆ. ಎಚ್ಚರವಾದಾಗ ಸೊಸೆ ಪುಸ್ತಕವನ್ನು ಅವರ ಎದೆಯ ಮೇಲೆ ನಿಲ್ಲಿಸಿ ಹಿಡಿದರು.

"ಇಷ್ಟು ವರ್ಷ ನೋಡಿ ತಲೆ ಅಲ್ಲಾಡಿಸೋರು, ಅಷ್ಟೆ. ಅವರ ಸಹಿ ಇತ್ತಲ್ಲ, ಅವರ ತಪ್ಪನ್ನ ಅವರೇ ಹೇಗೆ ಹೇಳ್ಕೋತಾರೆ? ಈ ಸಲ ನೋಡಿದ್ರು, ನೋಡಿದ್ರು, ಆಮೇಲೆ ಅಜ್ಜಿ ಕೈ ಮೇಲೆ ಬೆರಳಿಟ್ಟು ಕುಟ್ಟಿದ್ರು. ಹೆಬ್ಬೆರಳು ಉದ್ದ ಆಯ್ತಂತೆ."

ಆಕೆ ಎದ್ದು ಹೋಗಿ ಆ ಸಂಚಿಕೆ ತರುತ್ತಾರೆ.

"ಉದ್ದಾನೇ ಇದೆ. ನೋಡಿ ಬೇಕಾದ್ರೆ."