ಸೈಕಲ್ ಮೇಲೆ ಮುಗಿದ ಸಿನೆಮಾಗಳು

ಸಿನೆಮಾದಲ್ಲಿ ಯಾರಾದರೂ ಸೈಕಲ್ ಹತ್ತಿದರೆ ಸಾಕು, ನನಗೆ ಕತೆ ಮರೆತುಹೋಗುತ್ತದೆ. ಕಣ್ಣು ನಾಯಕನ ಮುಖ ಬಿಟ್ಟು ಚೈನಿನ ಮೇಲೆ ಇಳಿಯುತ್ತದೆ. ಒಂದು ಸಿನೆಮಾದಲ್ಲಿ ಮಾಸ್ತರರೊಬ್ಬರು ಬಿಳಿ ಧೋತರ ಉಟ್ಟು, ಚೈನ್ ಕವರ್ ಇಲ್ಲದ ಸೈಕಲ್ಲಿನಲ್ಲಿ ಇಂಟರ್ವಲ್ ತನಕ ಊರೂರು ತಿರುಗಿದರು. ಧೋತರಕ್ಕೆ ಎಣ್ಣೆಯ ಒಂದು ಕಲೆ ಇಲ್ಲ. ಅವರ ಆದರ್ಶಗಳನ್ನು ನಾನು ನಂಬಿದೆ, ಧೋತರವನ್ನು ನಂಬಲಿಲ್ಲ.

ಇನ್ನೊಂದರಲ್ಲಿ ನಾಯಕಿ ಸೆರಗು ಹಾರಿಸುತ್ತ, ಹಾಡುತ್ತ ಇಳಿಜಾರಿನಲ್ಲಿ ಬಂದಳು. ಥೇಟರಿನ ತುಂಬ ಸಿಳ್ಳೆ. ನಾನು ಮಾತ್ರ ಸೆರಗಿನ ತುದಿ ಹಿಂದಿನ ಗಾಲಿಗೆ ಎಷ್ಟು ಬೆರಳು ದೂರವಿದೆ ಎಂದು ಅಳೆಯುತ್ತ ಉಸಿರು ಬಿಗಿಹಿಡಿದು ಕುಳಿತಿದ್ದೆ. ನೆರಿಗೆಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿಕೊಂಡು ಸೈಕಲ್ ಹೊಡೆಯುವ ನನ್ನಂಥವಳಿಗೆ ಅದಕ್ಕಿಂತ ದೊಡ್ಡ ಭಯ ಇಲ್ಲ. ಮತ್ತೊಬ್ಬ ನಾಯಕ ಪ್ರೇಮದ ಭರದಲ್ಲಿ ಎರಡೂ ಕೈ ಬಿಟ್ಟ. ಕೆಳಗೆ ನೋಡಿದರೆ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿಯೇ ಇತ್ತು. ಹಿಂದೆ ಮರಗಳು ಓಡುತ್ತಿದ್ದವು. ದುಡಿತವೆಲ್ಲ ಪಾಪ ಆ ಮರಗಳದ್ದು.

ಬೆಳಗಾವಿಯ ಕಾನ್ವೆಂಟಿನಲ್ಲಿ ನನಗೆ ಎರಡು ವಿಷಯ ಚೆನ್ನಾಗಿ ಕಲಿಸಿದ್ದರು: ಸೈಕಲ್ ಹೊಡೆಯುವುದು, ಸುಳ್ಳು ಹೇಳದಿರುವುದು. ಮೊದಲನೆಯದು ಗಟ್ಟಿಯಾಗಿ ಉಳಿಯಿತು.

ಮದುವೆಯಾಗಿ ಬಂದದ್ದು ನಿಪ್ಪಾಣಿಯಿಂದ ನಾಲ್ಕು ಕಿಲೋಮೀಟರ್ ಆಚೆಯ ಹಳ್ಳಿಗೆ. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿರಬೇಕು. ಪ್ರತಿ ಮಂಗಳವಾರ ಮಧ್ಯಾಹ್ನದ ಆಟಕ್ಕೆ ನಾನು ಸೈಕಲ್ ಹೊಡೆದುಕೊಂಡು ನಿಪ್ಪಾಣಿಗೆ ಹೋಗುತ್ತಿದ್ದೆ. ಕನ್ನಡವೋ ಮರಾಠಿಯೋ, ಥೇಟರಿನಲ್ಲಿ ಯಾವ ಸಿನೆಮಾ ಹತ್ತಿದ್ದರೆ ಅದು. ವಾರವಿಡೀ ನನ್ನದೇ ಅನ್ನುವಂತೆ ಇದ್ದದ್ದು ಆ ಒಂದು ಮಧ್ಯಾಹ್ನ. ಸೊಸೆ ಹೀಗೆ ಹೊರಟರೆ ಓಣಿ ಸುಮ್ಮನಿರುತ್ತದೆಯೇ? ಓಣಿಯನ್ನು ಸುಮ್ಮನಾಗಿಸಿದವರು ನಮ್ಮ ಅತ್ತೆ.

"ನನ್ನ ಮೊಣಕಾಲು ಬಸ್ ಹತ್ತಂಗಿಲ್ಲ," ಅಂದಿದ್ದರು ಅವರು ಕಟ್ಟೆಯ ಮೇಲೆ ಕುಳಿತು. "ಅದಕ್ಕ ಆಕಿ ಸಂಗಾಟ ನನ್ನ ಕಣ್ಣು ಕಳಸೇನಿ."

ನನಗೆ ಹಾಕಿದ ಕರಾರು ಬೇರೆ. "ಹೋಗು. ಆದ್ರ ಕತಿ ಪೂರ್ತಿ ತರಬೇಕು ನೋಡು. ಅರ್ಧಾ ಮರ್ಧಾ ನನಗ ಬ್ಯಾಡ."

ತೊಂದರೆ ಅಲ್ಲೇ ಇತ್ತು. ಥೇಟರಿನ ಸೈಕಲ್ ಸ್ಟ್ಯಾಂಡಿನಲ್ಲಿ ಸೈಕಲ್ಲುಗಳನ್ನು ಬೆಂಕಿಪೆಟ್ಟಿಗೆಯ ಕಡ್ಡಿಗಳ ಹಾಗೆ ಒತ್ತಿ ನಿಲ್ಲಿಸುತ್ತಿದ್ದರು. ಆಟ ಬಿಟ್ಟೊಡನೆ ಜನ ನುಗ್ಗಿ ಒಂದನ್ನು ಎಳೆದರೆ ಹತ್ತು ಉರುಳುತ್ತಿದ್ದವು. ಒಂದರ ಪೆಡಲ್ ಇನ್ನೊಂದರ ಗಾಲಿಯ ಕಡ್ಡಿಗಳೊಳಗೆ. ಒಮ್ಮೆ ನನ್ನ ಸೈಕಲ್ಲಿನ ಎರಡು ಕಡ್ಡಿ ಮುರಿದು, ಗಂಟೆಯ ಮುಚ್ಚಳ ಕಳೆದುಹೋಗಿತ್ತು. ಅದು ಸಾಲದೆಂಬಂತೆ ಮನೆಯಲ್ಲಿ ಎಮ್ಮೆ. ಅದರ ಹಾಲು ಸಂಜೆ ಹೊತ್ತಿಗೆ ಡೇರಿ ಮುಟ್ಟಬೇಕು. ಹೀಗಾಗಿ ಆಟ ಮುಗಿಯಲು ಹದಿನೈದು ನಿಮಿಷ ಇರುವಾಗಲೇ ನಾನು ಎದ್ದು ಬರುತ್ತಿದ್ದೆ. ಸ್ಟ್ಯಾಂಡ್ ಕಾಯುವ ಕಾಕಾ ಸೈಕಲ್ ಹೊರಗೆಳೆದು ಕೊಡುತ್ತ ಪ್ರತಿ ಸಲ ಅದೇ ಮಾತು ಕೇಳುತ್ತಿದ್ದರು.

"ವೈನಿ, ಇವತ್ತೂ ಹೀರೋನ್ನ ಕಟ್ಟಿಹಾಕಿದ್ದಲ್ಲೇ ಬಿಟ್ಟ ಬಂದ್ರೇನು?"

"ಬಿಡಿಸ್ಕೊಂತಾನ ಬಿಡ್ರಿ ಕಾಕಾ, ಮೈಯಾಗ ಶಕ್ತಿ ಐತಿ."

ಅಂದರೆ ಹತ್ತಾರು ಸಿನೆಮಾಗಳ ಬಗ್ಗೆ ಖಡಾಖಂಡಿತವಾಗಿ ಮಾತಾಡುತ್ತಿದ್ದ ನಾನು, ಒಂದರ ಕೊನೆಯನ್ನೂ ನೋಡಿರಲಿಲ್ಲ. ಕೊನೆಗಳನ್ನೆಲ್ಲ ದಾರಿಯಲ್ಲಿ ನಾನೇ ಮಾಡಿಕೊಳ್ಳುತ್ತಿದ್ದೆ. ಊರು ದಾಟಿದ ಮೇಲೆ ಒಂದು ಏರು ಬರುತ್ತದೆ. ಏರಿನಲ್ಲಿ ಹೊಡೆದಾಟ ನಡೆಸುವಷ್ಟು ಉಸಿರು ನನಗೆ ಇರುತ್ತಿರಲಿಲ್ಲ. ಹಾಗಾಗಿ ಖಳನಾಯಕರೆಲ್ಲ ಅಲ್ಲೇ ಪಶ್ಚಾತ್ತಾಪ ಪಡುತ್ತಿದ್ದರು. ಎದುರುಗಾಳಿ ಇದ್ದ ದಿನ ತಾಯಿ ಎರಡು ಹನಿ ಕಣ್ಣೀರು ಹೆಚ್ಚು ಹಾಕುತ್ತಿದ್ದಳು. ಹಳ್ಳದ ಕಡೆಯ ಇಳಿಜಾರಿನಲ್ಲಿ ಪೆಡಲ್ ತುಳಿಯುವ ಕೆಲಸವಿಲ್ಲ, ಮದುವೆಗಳು ಅಲ್ಲಿ ಆಗುತ್ತಿದ್ದವು.

ಅತ್ತೆ ಇವನ್ನು ಕೇಳಿ ತಾವಷ್ಟೇ ಇಟ್ಟುಕೊಳ್ಳುವವರಲ್ಲ. ಬುಧವಾರ ಮಧ್ಯಾಹ್ನ ಕಟ್ಟೆಯ ಮೇಲೆ, ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟುವ ನಾಲ್ಕಾರು ಹೆಂಗಸರಿಗೆ ಪೂರ್ತಿ ಕತೆ ಹೇಳುತ್ತಿದ್ದರು. ಕೊನೆ ಹತ್ತಿರ ಬಂದಾಗ ಬೀಡಿ ಕಟ್ಟುವ ಬೆರಳುಗಳು ನಿಲ್ಲುವುದನ್ನು ನಾನು ಕಿಟಕಿಯಿಂದ ನೋಡಿದ್ದೇನೆ. ಒಳಗೊಳಗೇ ಹಿಗ್ಗಿದ್ದೇನೆ ಕೂಡ.

ಹೀಗೆ ಒಂದು ವರ್ಷ ಕಳೆದಿರಬೇಕು. ಒಂದು ಸಂಜೆ ಪಕ್ಕದ ಮನೆಯ ಟೀವಿಯಲ್ಲಿ, ನಾನು ಹಿಂದೆ ನೋಡಿ ಬಂದಿದ್ದ ಅಣ್ಣತಮ್ಮಂದಿರ ಸಿನೆಮಾ ಬಂತು. ಬೀಡಿಯ ಹೆಂಗಸರೆಲ್ಲ ಅಲ್ಲಿ, ನಡುವೆ ಅತ್ತೆ. ನಾನು ಬಾಗಿಲ ಬಳಿ ನಿಂತು ನಾಯಕ ಸೈಕಲ್ಲಿನ ಹಿಂದಿನ ಬ್ರೇಕು ಹಿಡಿಯದೆ ಹೇಗೆ ನಿಂತ ಎಂದು ಯೋಚಿಸುತ್ತಿದ್ದೆ. ನನ್ನ ಕತೆಯಲ್ಲಿ ಮನೆ ಬಿಟ್ಟು ಹೊರಟ ಅಣ್ಣ ನಡುದಾರಿಯಲ್ಲಿ ಬಸ್ಸಿನಿಂದ ಇಳಿದು, ನಡೆದುಕೊಂಡೇ ಮನೆಗೆ ಬಂದು, ತಮ್ಮನ ಹೆಂಡತಿ ಬಡಿಸಿದ ಗೋದಿ ಹುಗ್ಗಿ ಉಂಡಿದ್ದ. ಟೀವಿಯಲ್ಲಿ ಅವನು ಬಸ್ ಹತ್ತುವ ಮೊದಲೇ ಲಾರಿ ಬಂದು ಹಾಯ್ದುಬಿಟ್ಟಿತು.

ಹೆಂಗಸರೆಲ್ಲ ಅತ್ತೆಯ ಕಡೆ ತಿರುಗಿದರು. ಆಮೇಲೆ ಒಬ್ಬಳು ಮೆಲ್ಲಗೆ, "ದೊಡ್ಡವ್ವ, ಹುಗ್ಗಿ ಉಂಡಾನ ಅಂದಿದ್ರಿ?" ಅಂದಳು.

ಅತ್ತೆ ಸೆರಗು ಸರಿಮಾಡಿಕೊಂಡರು. "ಟೀವಿಯಾವ್ರು ಕತ್ತರಿ ಹಾಕ್ಯಾರ. ಸಾಬಾಣ ಮಾರಾಕ ಟೈಮ್ ಬೇಕಲ್ಲ. ನಮ್ಮ ಸೊಸಿ ಥೇಟರಿನ್ಯಾಗ ನೋಡ್ಯಾಳ."

ಮನೆಗೆ ಬಂದ ಮೇಲೆ ನನ್ನನ್ನು ಮಗ್ಗುಲಲ್ಲಿ ಕೂರಿಸಿಕೊಂಡರು.

"ಆ ಅಣ್ಣನ್ನ ಬಸ್ಸಿನಿಂದ ಇಳಿಸಿದಾಕಿ ಯಾರು?"

"ನಾನ ರಿ."

"ಹುಗ್ಗಿ ಉಣಿಸಿದಾಕಿ?"

"ಅದೂ ನಾನ ರಿ, ಅತ್ತಿ."

"ಎಲ್ಲಿ ಇಳಿಸಿದಿ?"

"ಏರು ದಾಟಿದ ಮ್ಯಾಲ... ಬಾಳಿ ತೋಟದ ಹಂತ್ಯಾಕ." ಸ್ಟ್ಯಾಂಡು, ಕಡ್ಡಿ, ಎಮ್ಮೆ ಎಲ್ಲವನ್ನೂ ಹೇಳಿಬಿಟ್ಟೆ.

ಅವರು ಬಹಳ ಹೊತ್ತು ಮೊಣಕಾಲು ತಿಕ್ಕಿಕೊಂಡರು. "ನಿನ್ನ ಸಲುವಾಗಿ ಇಷ್ಟ ಮಂದಿ ಮುಂದ ಟೀವಿಯಾವ್ರ ಮ್ಯಾಲ ಸುಳ್ಳ ಹೊರಿಸೇನಿ. ಸೈಕಲ್ ಒಳಗ ಇಡು."

ಎರಡು ಮಂಗಳವಾರ ಸೈಕಲ್ ಕಾಳಿನ ಚೀಲಗಳ ಪಕ್ಕ, ಗೋಣಿತಟ್ಟು ಹೊದ್ದು ನಿಂತಿತು. ನಾನು ದಿನಕ್ಕೊಮ್ಮೆ ಹೋಗಿ ಟೈರ್ ಒತ್ತಿ ನೋಡುತ್ತಿದ್ದೆ. ಗಾಳಿ ನಿಧಾನವಾಗಿ ಇಳಿಯುತ್ತಿತ್ತು. ಯಜಮಾನರು ನಡುವೆ ಬಾಯಿ ಹಾಕಲಿಲ್ಲ. ಅವರಿಗೆ ಥೇಟರಿನಲ್ಲಿ ನಿದ್ದೆ ಬರುತ್ತದೆ, ಹಾಗಾಗಿ ಇದೊಂದು ಕಷ್ಟವೆಂದು ಅವರಿಗೆ ಅನ್ನಿಸಲೇ ಇಲ್ಲ. ಕಟ್ಟೆಯ ಮೇಲೆ ಮಾತ್ರ ಬುಧವಾರ ಸಪ್ಪೆಯಾಯಿತು. "ಈ ವಾರ ಏನ್ರಿ ದೊಡ್ಡವ್ವ?" ಎಂದು ಕೇಳಿದವರಿಗೆ ಅತ್ತೆ ಹೊಗೆಸೊಪ್ಪಿನ ದರ ಹೇಳಿದರು. ಅದು ಆ ಹೆಂಗಸರಿಗೇ ಚೆನ್ನಾಗಿ ಗೊತ್ತಿತ್ತು, ಬೀಡಿ ಕಟ್ಟುವವರು ತಾನೇ.

ಮೂರನೆಯ ಮಂಗಳವಾರ ನಾನು ರೊಟ್ಟಿ ಬಡಿಯುತ್ತಿದ್ದಾಗ ಅತ್ತೆ ಬಂದು ನಿಂತರು. "ಹೋಗು. ಆದ್ರ ಮುಗಿಯೋತನಾ ಕುಂದ್ರು. ಪಡದಾ ಬಿದ್ದ ಮ್ಯಾಲ ಏಳು."

"ಎಮ್ಮಿ ರಿ?"

"ಕಾಲು ತಾಸು ತಡೀತೈತಿ. ಅದಕ್ಕೇನ್ ಪಿಚ್ಚರಿಗೆ ಹೋಗೋದೈತಿ?"

ಅಂದು ನಾನು ಮೊಟ್ಟಮೊದಲ ಬಾರಿಗೆ ಒಂದು ಸಿನೆಮಾವನ್ನು ಪೂರ್ತಿ ನೋಡಿದೆ. ಒಂದು ಬಾವಿಗಾಗಿ ಎರಡು ಮನೆತನ ಜಗಳಾಡುವ ಕತೆ. ಮೊದಲ ಅರ್ಧ ಚೆನ್ನಾಗಿತ್ತು. ನಾಯಕ ನಿಜವಾಗಿಯೂ ಬೆವರುತ್ತ ಸೈಕಲ್ ಹೊಡೆದ, ಚೈನ್ ಬಿದ್ದಾಗ ಕಡ್ಡಿಯಿಂದ ಎತ್ತಿ ಕೂರಿಸಿದ. ಬೆರಳಿನ ಕಪ್ಪು ಅಂಗಿಗೆ ಒರೆಸಿಕೊಂಡ. ಅಲ್ಲಿಗೆ ನನ್ನ ಮನಸ್ಸು ಅವನಿಗೆ ಒಲಿದಿತ್ತು. ನಾನು ಎಂದೂ ನೋಡಿರದ ಆ ಹದಿನೈದು ನಿಮಿಷ ಬಂತು. ಇಪ್ಪತ್ತು ಮಂದಿಯನ್ನು ಹೊಡೆದ. ಪೊಲೀಸರು ಬಂದರು. ಎಲ್ಲರೂ ಸಾಲಾಗಿ ನಿಂತು ನಕ್ಕರು. ಅವನು ಕಾರಿನಲ್ಲಿ ಹೋದ. ಸೈಕಲ್ ಏನಾಯಿತು ಎಂದು ಯಾರೂ ಹೇಳಲಿಲ್ಲ.

ಸ್ಟ್ಯಾಂಡಿನಲ್ಲಿ ಕಾಕಾ ನನ್ನನ್ನು ನೋಡಿ ತಲೆ ಅಲ್ಲಾಡಿಸಿದರು. "ಇವತ್ತ ಯಾಕ ಕುಂತ್ರಿ ವೈನಿ? ನಿಮ್ಮ ಗಾಡಿ ತಳಕ್ಕ ಐತಿ." ಇತ್ತು, ಹನ್ನೊಂದು ಸೈಕಲ್ಲುಗಳ ಕೆಳಗೆ. ಬಿಡಿಸಿಕೊಂಡು, ಬಿದ್ದ ಚೈನ್ ಕೂರಿಸಿ, ಏರು ಹತ್ತುವಾಗ ಮಾಡಲು ಏನೂ ಕೆಲಸ ಇರಲಿಲ್ಲ. ಎಲ್ಲ ಅಲ್ಲೇ ಮುಗಿದುಹೋಗಿತ್ತು. ಆ ಏರು ಅಷ್ಟು ಉದ್ದವಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಎಮ್ಮೆ ಹಿಂಡಿ, ಹಾಲು ಡೇರಿಗೆ ಕೊಟ್ಟು ಬಂದು ಅತ್ತೆಯ ಮುಂದೆ ಕುಳಿತು ಒಂದು ಅಕ್ಷರ ಕೂಡಿಸದೆ, ಬಿಡದೆ ಪೂರ್ತಿ ಕತೆ ಒಪ್ಪಿಸಿದೆ. ನಾಯಕ ಕಾರಿನಲ್ಲಿ ಹೋದಲ್ಲಿಗೆ ನಿಲ್ಲಿಸಿದೆ.

"ಮುಂದ?"

"ಮುಗೀತು ರಿ."

"ಇಷ್ಟ?"

"ಇಷ್ಟ ರಿ. ಖರೇನ."

ಅತ್ತೆ ಗೋಡೆಗೆ ಒರಗಿದರು. ಮೋಸ ಹೋದವರ ಮುಖ. "ನಾಳಿ ಕಟ್ಟಿ ಮ್ಯಾಲ ಇದನ್ನ ಹೆಂಗ ಹೇಳ್ಲಿ ಬೇ ನಾ?" ಅಂದರು. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ನೀ ಕಾಲು ತಾಸು ಮೊದ್ಲ ಎದ್ದು ಬಂದಿದ್ರ, ಆ ಬಾವಿ ಯಾರಿಗೆ ಬರ್ತಿತ್ತು?"

ತೊಳೆದರೂ ಹೋಗದ ಚೈನಿನ ಕಪ್ಪು ನನ್ನ ಅಂಗೈಯಲ್ಲಿ ಇನ್ನೂ ಇತ್ತು. ಸೆರಗಿಗೆ ಒರೆಸಿಕೊಂಡೆ, ಕಾಲು ಚಾಚಿದೆ, ಏರಿನಿಂದ ಶುರುಮಾಡಿದೆ.